ಪ್ರತಿಕ್ರಿಯೆ: ಹಸಿ ಇದ್ದರೂ ಜೋಳ ಬಾಡುತ್ತಿದೆ, ಯಾಕೆ?
ಅಣ್ಣಾ, ಹೋದ ವರ್ಷ ಆಳು ಸಿಗದೆ ಜೇವರ್ಗಿ ಹೊಲದಲ್ಲಿ ಕಳೆ ತೆಗೆಸಲಿಲ್ಲ, ಈ ಸಲ ನೆಲದಲ್ಲಿ ಹಸಿ ಇದ್ದರೂ ಬಿಳಿಜೋಳ ಅಲ್ಲಲ್ಲಿ ಬಾಡುತ್ತಿದೆ ಅಂದ್ರಲ್ವಾ? ಬಾಡಿದ ಗಿಡದ ಬುಡ ನೋಡಿ. ಗೇಣುದ್ದದ, ಸಣ್ಣ ಬಿಳಿ ಹೂವಿನ ಕಸ ಇದ್ದರೆ ಅದು ಸ್ಟ್ರೈಗಾ. ಜೋಳದ ಬೇರಿಗೇ ಅಂಟಿಕೊಂಡು ನೀರು, ಸತ್ವ ಎಳೆಯುತ್ತದೆ. ಮೇಲೆ ಕಾಣುವ ಹೊತ್ತಿಗೆ ಜಾಸ್ತಿ ಹಾನಿ ಆಗಿರುತ್ತದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ದೂಳಿನಂಥ ಬೀಜ, 10 ವರ್ಷ ಕಳೆದರೂ ಮೊಳೆಯಬಲ್ಲದು. ಅದಕ್ಕೇ ಬೀಜ ಕಟ್ಟುವ ಮೊದಲೇ ಕಿತ್ತು ಸುಡಿ. ತಿಪ್ಪೆಗೆ ಮಾತ್ರ ಹಾಕಬೇಡಿ.

ಬರುವ ಮುಂಗಾರಿಗೆ ಅಲ್ಲಿ ತೊಗರಿ ಹಾಕಿ, ಅದರ ಬೇರಿನ ಮೇಲೆ ಇದು ಬದುಕುವುದಿಲ್ಲ. ಮತ್ತೆ ಜೋಳ ಬಿತ್ತಿದಾಗ ಮೊದಲ 40 ದಿನದಲ್ಲಿ ಎರಡು ಸಲ ಎಡೆ ಹೊಡೆಯಿರಿ, ಅಂದ್ರೆ ಸಾಲುಗಳ ನಡುವೆ ಕುಂಟೆ ಹಾಯಿಸಿ. ಉಳಿದ ಕಳೆಯೂ ಹೋಗುತ್ತದೆ, ಎರೆಭೂಮಿಯ ಬಿರುಕು ಮುಚ್ಚಿ ಹಸಿಯೂ ಉಳಿಯುತ್ತದೆ.