ಹುಲ್ಲಿನ ಹೊರೆಯ ಅಡಿಯಲ್ಲಿ ಮನುಷ್ಯ ಇದ್ದಾನೆ!

ಪ್ರಶ್ನೆ: ಡ್ರೈವರ್ ಇಲ್ಲದ ಕಾರಿಗೆ ಎದುರಿಗಿರುವುದು ಮನುಷ್ಯ ಅಂತ ಹೇಗೆ ಗೊತ್ತಾಗುತ್ತದೆ? ನಮ್ಮೂರಲ್ಲಿ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುತ್ತಾರೆ. ಮುಖವೇ ಕಾಣುವುದಿಲ್ಲ!
– ಓದುಗರೊಬ್ಬರು, ಶಿರಸಿ

ಉತ್ತರ: ನನ್ನ ಮೊದಲ ಕೆಲಸ ನೆನಪಾಯಿತು. ದಿನವಿಡೀ ರಸ್ತೆಯ ಫೋಟೋ ತೆರೆದು, ಅದರಲ್ಲಿರುವ ಒಬ್ಬೊಬ್ಬರ ಸುತ್ತ ಮೌಸ್‌ನಿಂದ ಚೌಕ ಎಳೆದು ‘ವ್ಯಕ್ತಿ’ ಅಂತ ಗುರುತು ಹಾಕುವುದು. ಸೊಂಟದಲ್ಲಿ ಮಗು ಎತ್ತಿಕೊಂಡ ತಾಯಿಗೆ ಒಂದು ಚೌಕವೋ ಎರಡೋ ಅಂತ ನಮ್ಮಲ್ಲಿ ಜಗಳವೇ ಆಗುತ್ತಿತ್ತು. ಕಾರಿಗೆ ‘ಎರಡು ಕಾಲು, ಒಂದು ತಲೆ’ ಅಂತ ಯಾರೂ ಹೇಳಿಕೊಡುವುದಿಲ್ಲ. ಇಂಥ ಚೌಕಗಳನ್ನು ರಾಶಿ ರಾಶಿ ನೋಡಿಯೇ ಅದು ಕಲಿಯುತ್ತದೆ. ಕ್ಯಾಮೆರಾ ಆಕಾರ ತೋರಿಸುತ್ತದೆ. ಲೇಸರ್ ಕತ್ತಲಲ್ಲೂ ದೂರ ಅಳೆಯುತ್ತದೆ.

ಆದರೆ ಗುರುತಿಸಿದರೆ ಮುಗಿಯಲಿಲ್ಲ. ಈ ಕ್ಷಣ ಕಂಡವರು ಹಿಂದಿನ ಕ್ಷಣ ಕಂಡವರೇನಾ? ಎತ್ತ ಹೋಗುತ್ತಿದ್ದಾರೆ? ಬಸ್ಸಿನ ಮರೆಗೆ ಹೋದವರು ಆ ಕಡೆಯಿಂದ ಬಂದೇ ಬರುತ್ತಾರೆ ಅಲ್ವಾ? ಅದನ್ನು ಕಾರು ನೆನಪಿಡಬೇಕು.

ಆ ನೆನಪು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಅರಿಜೋನಾದ ಟೆಂಪಿ ನಗರದ ಘಟನೆ ನೋಡಿ. 2018ರ ಮಾರ್ಚ್ 18ರ ರಾತ್ರಿ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಜೀಬ್ರಾ ಪಟ್ಟಿ ಇರಲಿಲ್ಲ. ತಾನೇ ಓಡುವ ಪರೀಕ್ಷೆಗೆ ಹೊರಟಿದ್ದ ಊಬರ್ ಕಾರಿಗೆ ಅವರು ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಂಡಿದ್ದರು. ಬ್ರೇಕ್ ಹಾಕಲು ಧಾರಾಳ ಸಮಯ. ಆದರೆ ಕಾರು ಅವರನ್ನು ಒಮ್ಮೆ ವಾಹನ ಅಂದಿತು, ಒಮ್ಮೆ ಬೇರೇನೋ ಅಂದಿತು, ಒಮ್ಮೆ ಸೈಕಲ್ ಅಂದಿತು. ಹೆಸರು ಬದಲಾದಾಗಲೆಲ್ಲ ಅವರು ನಡೆದು ಬಂದ ದಾರಿಯನ್ನೇ ಮರೆತುಬಿಟ್ಟಿತು. ಪಟ್ಟಿ ಇಲ್ಲದ ಕಡೆ ಜನ ದಾಟುತ್ತಾರೆ ಅನ್ನುವುದು ಅದರ ಲೆಕ್ಕದಲ್ಲೇ ಇರಲಿಲ್ಲ! (ನಮ್ಮಲ್ಲಿ ಪಟ್ಟಿ ಹುಡುಕಿಕೊಂಡು ಹೋಗಿ ದಾಟುವವರು ಎಷ್ಟು ಮಂದಿ?) ಕಾರಿನ ಮೇಲೆ ನಿಗಾ ಇಡಲು ಸೀಟಿನಲ್ಲಿದ್ದ ಚಾಲಕಿಯ ಕಣ್ಣು ಮೊಬೈಲ್ ಮೇಲಿತ್ತು. ಡಿಕ್ಕಿ ತಪ್ಪದು ಅಂತ ಯಂತ್ರಕ್ಕೆ ಹೊಳೆದಾಗ ಉಳಿದಿದ್ದು 1.2 ಸೆಕೆಂಡು. ಆ ಮಹಿಳೆ ಉಳಿಯಲಿಲ್ಲ. ಹೆಸರು ಬದಲಾದರೂ ಹಳೆಯ ಜಾಡು ಬಿಡದಂತೆ ಕಂಪನಿ ಆಮೇಲೆ ತಿದ್ದಿಕೊಂಡಿತು.

ನಿಮ್ಮ ಹೊರೆಯ ವಿಷಯವೂ ಇದೇ. ಲೇಸರ್‌ಗೆ ಅದು ಕಂಡೇ ಕಾಣುತ್ತದೆ, ಹೆಸರಿಡುವುದೇ ಕಷ್ಟ. ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿಯವರು ನಮ್ಮ ಬೆಂಗಳೂರಿನ ರಸ್ತೆಗಳನ್ನೂ ಸೇರಿಸಿ 10,000 ಚಿತ್ರಗಳಿಗೆ ಗುರುತು ಹಾಕಿದ್ದಾರೆ. ಆಟೊಗೂ ಪ್ರಾಣಿಗೂ ಅದರಲ್ಲಿ ಬೇರೆ ಬೇರೆ ಹೆಸರಿದೆ. ಹುಲ್ಲಿನ ಹೊರೆಗೆ ಇಲ್ಲ. ನನ್ನ ಕೈಗೆ ಅಂಥ ಫೋಟೋ ಬಂದಿದ್ದರೆ, ಹೊರೆಯನ್ನೂ ಸೇರಿಸಿ ಒಂದೇ ಚೌಕ ಎಳೆದು ‘ವ್ಯಕ್ತಿ’ ಅಂತಲೇ ಬರೆಯುತ್ತಿದ್ದೆ.