ಅರವತ್ತು ಸಿಪಾಯಿಗಳು, ಬೆರಳೆಣಿಕೆಯ ಬಣ್ಣಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆಂದು 1791ರ ಬೆಂಗಳೂರು ಕೋಟೆಯ ಮುತ್ತಿಗೆಯನ್ನು ಆರಿಸಿಕೊಂಡಿದ್ದೇನೆ. ಟಿಪ್ಪುವಿನ ಕಾಲಾಳುಗಳ 28 ಮಿ.ಮೀ. ಅಳತೆಯ ಅರವತ್ತು ಲೋಹದ ಗೊಂಬೆಗಳು ಮನೆಗೆ ಬಂದಿವೆ. ಅಂತರಜಾಲದಲ್ಲಿ ನೋಡಿದರೆ ಒಂದೊಂದು ಗೊಂಬೆಗೂ ಹತ್ತಾರು ಬಣ್ಣ ಬಳಸಿ ನೆರಳು, ಹೊಳಪು ಎಲ್ಲವನ್ನೂ ಮೂಡಿಸಿರುತ್ತಾರೆ. ಅಷ್ಟು ಕೈಚಳಕವಾಗಲಿ ಸಮಯವಾಗಲಿ ನನಗಿಲ್ಲ. ಕೆಲವೇ ಬಣ್ಣಗಳಲ್ಲಿ ಇಡೀ ಪಡೆಯನ್ನು ಮುಗಿಸಿದರೆ ಅರೆಬರೆ ಕೆಲಸದಂತೆ ಕಾಣುವುದೇ?
— ಓದುಗರು, ಬಸವನಗುಡಿ

ಉತ್ತರ: ಖಂಡಿತ ಕಾಣುವುದಿಲ್ಲ. ಬದಲಿಗೆ, ಬಣ್ಣ ಕಡಿಮೆಯಾದಷ್ಟೂ ಪಡೆ ಪಡೆಯಂತೆ ಕಾಣುತ್ತದೆ. ನೀವು ನೋಡಿದ ಚಿತ್ರಗಳಲ್ಲಿ ಒಂದೇ ಗೊಂಬೆಯನ್ನು ಕಣ್ಣಿನ ಹತ್ತಿರ ಹಿಡಿದು ತೋರಿಸಿರುತ್ತಾರೆ. ಆಟದ ಮೇಜಿನಲ್ಲಾದರೋ ಅದೇ ಗೊಂಬೆಯನ್ನು ಎರಡು ಮೂರು ಅಡಿ ದೂರದಿಂದ, ಹತ್ತಾರು ಜೊತೆಗಾರರ ಸಾಲಿನಲ್ಲಿ ನೋಡುತ್ತೇವೆ. ಅಷ್ಟು ದೂರದಿಂದ ಕಣ್ಣಿಗೆ ಬೀಳುವುದು ಅಂಗಿಯ ಬಣ್ಣ, ಪೇಟದ ಬಣ್ಣ, ಮುಖ ಮತ್ತು ಕಾಲಡಿಯ ನೆಲ, ಇಷ್ಟೇ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯಲ್ಲಿರುವ 1780ರ ಪೊಳ್ಳಿಲೂರು ಕಾಳಗದ ಚಿತ್ರವನ್ನು ಒಮ್ಮೆ ಹೋಗಿ ನೋಡಿ. ಇಂಗ್ಲಿಷರ ಸಿಪಾಯಿಗಳ ಮುಖಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಕೆಂಪು ಅಂಗಿಗಳ ಸಾಲು ಮಾತ್ರ ಎದ್ದು ಕಾಣುತ್ತದೆ, ಆ ಸಾಲನ್ನು ಕಂಡೊಡನೆ ಅದು ಸೈನ್ಯವೆಂದು ಯಾರಿಗೂ ತಿಳಿಯುತ್ತದೆ. ಆ ಚಿತ್ರವನ್ನು ಮುಂದೆ ಹಲವು ಬಾರಿ ತಿದ್ದಿ ಬಣ್ಣ ಹಚ್ಚಿದ್ದಾರೆ. ಆದ್ದರಿಂದ ಛಾಯೆಗಳ ವಿಷಯದಲ್ಲಿ ಅದನ್ನೇ ಪ್ರಮಾಣವೆಂದು ಹಿಡಿಯಬೇಡಿ, ಜೋಡಣೆಯನ್ನಷ್ಟೇ ಕಲಿಯಿರಿ.

ಅದೃಷ್ಟವಶಾತ್ ನೀವು ಆರಿಸಿಕೊಂಡ ಪಡೆಯ ಸಮವಸ್ತ್ರವೇ ಸರಳವಾದುದು. ಆ ಕಾಲದ ಇಂಗ್ಲಿಷರ ವರ್ಣನೆಗಳಲ್ಲಿ ಟಿಪ್ಪುವಿನ ಕಾಯಂ ಕಾಲಾಳುಗಳಿಗೆ ನೇರಳೆ ಬಟ್ಟೆಯ ಮೇಲೆ ವಜ್ರಾಕಾರದ ಬಿಳಿ ಚುಕ್ಕೆಗಳಿದ್ದ, ‘ಹುಲಿ ಅಂಗಿ’ ಎಂದೇ ಕರೆಯಲಾಗುತ್ತಿದ್ದ ಉಡುಪು, ಕೆಂಪು ಪೇಟ, ಅದೇ ಕೆಂಪಿನ ನಡುಪಟ್ಟಿ, ಎದೆಯ ಮೇಲೆ ಅಡ್ಡಲಾಗಿ ಕಪ್ಪು ತೊಗಲಿನ ಪಟ್ಟಿಗಳು, ಬರಿಗಾಲಿಗೆ ಚಪ್ಪಲಿ ಇದ್ದವೆಂದು ಬರುತ್ತದೆ. ಅಂದರೆ ನೇರಳೆ, ಕೆಂಪು, ಕಪ್ಪು, ಬಿಳಿ. ಇವುಗಳ ಜೊತೆಗೆ ಮೈಬಣ್ಣ, ಬಂದೂಕಿನ ಮರಕ್ಕೆ ಒಂದು ಕಂದು, ನಳಿಗೆಗೆ ಒಂದು ಲೋಹದ ಬಣ್ಣ ಸೇರಿದರೆ ನಿಮ್ಮ ಪೆಟ್ಟಿಗೆ ತುಂಬಿತು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಬಣ್ಣ ಬೆರೆಸಲು ಹೋಗಬೇಡಿ, ಬಾಟಲಿಯಲ್ಲಿ ಇದ್ದಂತೆಯೇ ಬಳಸಿ. ಇಂದು ತಟ್ಟೆಯಲ್ಲಿ ಬೆರೆಸಿಕೊಂಡ ನೇರಳೆ ಮುಂದಿನ ಭಾನುವಾರ ಮತ್ತೆ ಸಿಗುವುದಿಲ್ಲ, ಮೊದಲ ಇಪ್ಪತ್ತು ಮಂದಿ ಒಂದು ದಳವಾಗಿ, ಉಳಿದ ನಲವತ್ತು ಮಂದಿ ಇನ್ನೊಂದು ದಳವಾಗಿ ಕಾಣುತ್ತಾರೆ. ಬಣ್ಣವನ್ನು ಹಗಲಿನ ಬೆಳಕಿನಲ್ಲಿ ಆರಿಸಿ. ಹಳದಿ ಛಾಯೆಯ ಎಲ್‌ಇಡಿ ದೀಪದ ಕೆಳಗೆ ನೇರಳೆ ಕಂದಾಗಿ ತೋರುತ್ತದೆ. ಮೊದಲು ಒಂದೇ ಗೊಂಬೆಯನ್ನು ಕೊನೆಯವರೆಗೆ ಮುಗಿಸಿ, ಎರಡು ದಿನ ಮೇಜಿನ ಮೇಲೆ ಇಟ್ಟು ನೋಡಿ, ಒಪ್ಪಿಗೆಯಾದರೆ ಬಳಸಿದ ಬಣ್ಣಗಳನ್ನು ಕ್ರಮವಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಕೆಲಸವನ್ನು ಹತ್ತು ಹತ್ತು ಗೊಂಬೆಗಳ ತಂಡಗಳಲ್ಲಿ ಮಾಡುವುದು ಒಳ್ಳೆಯದು. ಐಸ್‌ಕ್ರೀಂ ಕಡ್ಡಿಯ ಮೇಲೆ ಎರಡು ಬದಿಯ ಅಂಟುಪಟ್ಟಿಯಿಂದ ಐದೈದು ಗೊಂಬೆಗಳನ್ನು ನಿಲ್ಲಿಸಿಕೊಂಡರೆ ಬೆರಳು ಬಣ್ಣಕ್ಕೆ ತಾಗುವುದಿಲ್ಲ. ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಪದರ, ಅಂದರೆ ತಿಳಿ ಬೂದು ಪ್ರೈಮರ್ ಒಣಗಿದ ಮೇಲೆ ಹತ್ತೂ ಜನರಿಗೆ ನೇರಳೆ, ಆಮೇಲೆ ಹತ್ತೂ ಜನರಿಗೆ ಮೈಬಣ್ಣ, ಆಮೇಲೆ ಕೆಂಪು, ಹೀಗೆ ಸಾಗಿ. ಹತ್ತನೆಯವನಿಗೆ ಹಚ್ಚುವ ಹೊತ್ತಿಗೆ ಮೊದಲನೆಯವನು ಒಣಗಿರುತ್ತಾನೆ. ಕಪ್ಪು ಪ್ರೈಮರ್ ಮೇಲೆ ನೇರಳೆ ಸತ್ತಂತೆ ಕಾಣುವುದರಿಂದ ನಾನು ಬೂದನ್ನೇ ಹೇಳುತ್ತಿದ್ದೇನೆ. ಕೆಂಪು ಸಹಜವಾಗಿಯೇ ತೆಳುವಾದ ಬಣ್ಣ. ಅದರ ಕೆಳಗೆ ಬಂದೂಕಿಗೆಂದು ತಂದ ಕಂದನ್ನು ಒಂದು ಪದರ ಹಚ್ಚಿದರೆ ಎರಡೇ ಪದರದಲ್ಲಿ ತುಂಬಿ ಬರುತ್ತದೆ.

ಎಲ್ಲ ಬಣ್ಣಗಳೂ ಒಣಗಿದ ಬಳಿಕ ಕಪ್ಪುಗಂದು ಬಣ್ಣದ ವಾಶ್ ಅನ್ನು ಇಡೀ ಗೊಂಬೆಗೆ ಬಳಿಯಿರಿ. ಸರಳ ಬಣ್ಣಗಾರಿಕೆಯ ಅರ್ಧ ಭಾರವನ್ನು ಇದೇ ಹೊರುತ್ತದೆ. ನೀರಿನಷ್ಟು ತೆಳುವಾದ ಈ ಬಣ್ಣ ಉಬ್ಬಿನಿಂದ ಜಾರಿ ಪೇಟದ ಸುತ್ತುಗಳ ನಡುವೆ, ಅಂಗಿಯ ಮಡಿಕೆಯಲ್ಲಿ, ಕಣ್ಣಿನ ಗುಳಿಯಲ್ಲಿ ನಿಂತು ತಾನಾಗಿಯೇ ನೆರಳಾಗುತ್ತದೆ. ಆ ನೆರಳಿದ್ದರೆ ಕಣ್ಣುಗುಡ್ಡೆ ಬರೆಯುವ ಗೋಜೇ ಬೇಡ. ಮನೆಯಲ್ಲೇ ತಯಾರಿಸುವುದಾದರೆ ಬರಿಯ ನೀರು ಸಾಲದು, ಒಣಗುವಾಗ ಅಂಚಿನಲ್ಲಿ ಕಲೆಗಟ್ಟುತ್ತದೆ; ಚಿತ್ರಕಲಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಅಕ್ರಿಲಿಕ್ ಮೀಡಿಯಮ್ ಸೇರಿಸಲೇಬೇಕು. ಎಲ್ಲಿಯಾದರೂ ಹೆಚ್ಚಾಗಿ ನಿಂತಿದ್ದರೆ ಒದ್ದೆ ಕುಂಚದ ತುದಿಯಿಂದ ಹೀರಿ ತೆಗೆಯಿರಿ.

ಬಿಳಿ ಚುಕ್ಕೆಗಳನ್ನು ವಾಶ್ ಒಣಗಿದ ನಂತರವೇ ಇಡಬೇಕು, ಮುಂಚೆ ಇಟ್ಟರೆ ಕೊಳೆಯಾಗಿ ಕಾಣುತ್ತವೆ. ಅರವತ್ತು ಅಂಗಿಗಳ ಮೇಲೆ ವಜ್ರಾಕಾರ ಬರೆಯುವ ಸಾಹಸ ಬೇಡ. ಹಲ್ಲುಕಡ್ಡಿಯ ತುದಿಯನ್ನು ಬಿಳಿಯಲ್ಲಿ ಅದ್ದಿ, ಕಾಗದದ ಮೇಲೆ ಒಮ್ಮೆ ಒತ್ತಿ, ಬಳಿಕ ಅಂಗಿಯ ಮೇಲೆ ಮುಟ್ಟಿಸಿ ಎತ್ತಿ: ಎದೆಗೆ ನಾಲ್ಕು, ತೋಳಿಗೆ ಎರಡೆರಡು, ಬೆನ್ನಿಗೆ ಐದು. ಮೇಲಿನ ಸಾಲಿನ ಎರಡು ಚುಕ್ಕೆಗಳ ನಡುವೆ ಕೆಳಗಿನ ಸಾಲಿನ ಚುಕ್ಕೆ ಬರುವಂತೆ, ರಂಗೋಲಿಯ ಎಡೆಚುಕ್ಕೆಯ ಹಾಗೆ ಇಟ್ಟರೆ ಒಂದಡಿ ದೂರದಿಂದಲೇ ಅದು ವಜ್ರಾಕಾರದ ವಿನ್ಯಾಸವೆಂದು ಕಣ್ಣು ಒಪ್ಪಿಕೊಳ್ಳುತ್ತದೆ. ಆಟದಲ್ಲಿ ಹೆಚ್ಚು ಹೊತ್ತು ನೀವು ನೋಡುವುದು ನಿಮ್ಮ ಸಿಪಾಯಿಗಳ ಬೆನ್ನನ್ನೇ. ಆದ್ದರಿಂದ ಬೆನ್ನಿನಲ್ಲಿ ಕೈ ಬಿಗಿ ಹಿಡಿಯಬೇಡಿ.

ಇನ್ನು ಕಾಲಡಿಯ ನೆಲ. ನಮ್ಮ ಕಡೆಯದು ಕೆಂಪು ಮಣ್ಣು, ಆದ್ದರಿಂದ ಬೇಸ್ ಕೂಡ ಕೆಂಪಾಗಿರಲಿ ಎಂದು ಯಾರಿಗಾದರೂ ತೋಚುತ್ತದೆ. ನನ್ನ ಅಭಿಪ್ರಾಯ ಬೇರೆ. ಮುಂದೆ ನೀವು ಎದುರಾಳಿಯಾಗಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ಪಡೆಯನ್ನು ತಂದೇ ತರುತ್ತೀರಿ, ಅವರದು ಕೆಂಪಂಗಿ, ಕೆಂಪು ನೆಲದ ಮೇಲೆ ಅವರು ಕರಗಿಹೋಗುತ್ತಾರೆ. ಕೋಟೆಯ ಹೊರಗಿನ ಪೇಟೆ ಇಂಗ್ಲಿಷರ ಕೈಗೆ ಬಿದ್ದದ್ದು ಮಾರ್ಚ್ 7ರಂದು, ಕೋಟೆ ಬಿದ್ದದ್ದು ಮಾರ್ಚ್ 21ರ ರಾತ್ರಿ. ಎರಡೂ ಬೇಸಿಗೆಯ ದಿನಗಳು. ಹೀಗಾಗಿ ಧೂಳು ಹಿಡಿದ ತಿಳಿಗಂದು ನೆಲ ಮತ್ತು ಅಲ್ಲಲ್ಲಿ ಒಣಹುಲ್ಲು ಸುಳ್ಳೇನಲ್ಲ. ಫೆವಿಕಾಲ್ ಬಳಿದು ಜರಡಿ ಹಿಡಿದ ಮರಳನ್ನು ಅಂಟಿಸಿ, ಕಂದು ಹಚ್ಚಿ, ಒಣಗಿದ ಮೇಲೆ ತಿಳಿ ಬಣ್ಣವನ್ನು ಬಹುತೇಕ ಒರೆಸಿಬಿಟ್ಟ ಕುಂಚದಿಂದ ಮೇಲೆ ಮೇಲೆ ಸವರಿ. ಎರಡೂ ಪಡೆಗಳಿಗೆ ಒಂದೇ ನೆಲ, ಬೇಸಿನ ಅಂಚಿಗೆ ಒಂದೇ ಕಡುಗಂದು ಇರಲಿ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬಳಿ ಇಂದಿಗೂ ಉಳಿದಿರುವ ಕೋಟೆಯ ದೆಹಲಿ ಬಾಗಿಲಿಗೆ ಹೋಗಿ ಬಂದರೆ ಮೇಜಿನ ಮೇಲಿನ ಕೋಟೆಗೋಡೆಗೆ ಬೇಕಾದ ಕಲ್ಲಿನ ಬಣ್ಣವೂ ಕಣ್ಣಾರೆ ಸಿಗುತ್ತದೆ.

ಪ್ರಶ್ನೆ: ಜುಲೈನಲ್ಲಿ ತಾರಸಿಯ ಮೇಲೆ ಸ್ಪ್ರೇ ಪ್ರೈಮರ್ ಹೊಡೆದೆ. ಗೊಂಬೆಗಳ ಮೈಯೆಲ್ಲ ಮರಳುಕಾಗದದಂತೆ ಒರಟಾಗಿದೆ. ಡಬ್ಬಿಯೇ ಕೆಟ್ಟದ್ದಿರಬಹುದೇ?
— ಓದುಗರು, ರಾಜಾಜಿನಗರ

ಉತ್ತರ: ಡಬ್ಬಿಗಿಂತ ಹವೆಯ ಮೇಲೆಯೇ ನನ್ನ ಅನುಮಾನ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸ್ಪ್ರೇ ಪದರ ಸರಿಯಾಗಿ ಕೂರದೆ ಬೆಳ್ಳಗೆ ಒರಟಾಗುತ್ತದೆ. ತೀರ ದೂರದಿಂದ ಹೊಡೆದರೂ ಹನಿಗಳು ದಾರಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತವೆ. ಮಳೆಗಾಲದಲ್ಲಿ ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸುವುದೇ ಕ್ಷೇಮ. ಸ್ಪ್ರೇ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಉಳಿಸಿಕೊಂಡು, ಬಿಸಿಲೇರಿದ ಮೇಲೆ, ಇಪ್ಪತ್ತರಿಂದ ಮೂವತ್ತು ಸೆಂಟಿಮೀಟರ್ ದೂರದಿಂದ, ಮೂಗಿಗೆ ಮಾಸ್ಕ್ ಹಾಕಿಕೊಂಡು ಬೀಸಿ ಬೀಸಿ ಹೊಡೆಯಿರಿ. ಜೆ.ಸಿ. ರಸ್ತೆಯ ವಾಹನ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ಬೂದು ಪ್ರೈಮರ್ ಲೋಹದ ಗೊಂಬೆಗೆ ಒಗ್ಗುತ್ತದೆ, ಪ್ಲಾಸ್ಟಿಕ್ಕನ್ನು ಕೆಲವು ಬಗೆಯವು ಕರಗಿಸಿಬಿಡಬಹುದು. ಬೇಡದ ತುಂಡೊಂದರ ಮೇಲೆ ಮೊದಲು ಪರೀಕ್ಷಿಸಿ. ಈಗ ಒರಟಾಗಿರುವ ಗೊಂಬೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ್ದಾಗಲೇ ಉಜ್ಜಿ ನೋಡಿ, ಪುಡಿ ಉದುರಿದರೆ ಅಷ್ಟೇ ಸಾಕಾಗಬಹುದು.

ಪ್ರಶ್ನೆ: ಹನ್ನೊಂದು ವರ್ಷದ ಮಗನಿಗೆ ಈ ಹವ್ಯಾಸ ಹಿಡಿದಿದೆ. ವಿದೇಶಿ ಬಣ್ಣಗಳ ಬೆಲೆ ಕೇಳಿಯೇ ಗಾಬರಿಯಾಯಿತು. ಮನೆಯಲ್ಲಿರುವ ಫೆವಿಕ್ರಿಲ್, ಕ್ಯಾಮೆಲ್ ಅಕ್ರಿಲಿಕ್ ಬಣ್ಣಗಳು ನಡೆಯುತ್ತವೆಯೇ?
— ಓದುಗರು, ಮಲ್ಲೇಶ್ವರ

ಉತ್ತರ: ಧಾರಾಳವಾಗಿ ನಡೆಯುತ್ತವೆ. ಅವು ದಪ್ಪವಾಗಿರುವುದರಿಂದ ಬಾಟಲಿಯಿಂದ ನೇರವಾಗಿ ಹಚ್ಚಿದರೆ ಮುಖದ ಗೆರೆಗಳು ಮುಚ್ಚಿಹೋಗುತ್ತವೆ. ತಟ್ಟೆಯಲ್ಲಿ ಹಾಲಿನ ಹದಕ್ಕೆ ನೀರು ಬೆರೆಸಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಚ್ಚಲಿ. ಮುತ್ತಿನ ಹೊಳಪಿನ ಬಾಟಲಿಗಳನ್ನು ಬದಿಗಿಡಿ. ಕೊನೆಗೆ ಮ್ಯಾಟ್ ವಾರ್ನಿಷ್ ಹಚ್ಚಿದರೆ ಹೊಳಪೂ ಅಡಗುತ್ತದೆ, ಮಗನ ಕೈಯ ಒರಸಾಟದಿಂದ ಬಣ್ಣಕ್ಕೂ ರಕ್ಷಣೆ ಸಿಗುತ್ತದೆ. ಬಣ್ಣದಲ್ಲಿ ಉಳಿಸಿದ ಹಣದಲ್ಲಿ ಚೂಪು ತುದಿಯ ಒಂದು ಒಳ್ಳೆಯ ಕುಂಚ ಕೊಡಿಸಿ. ಎರಡನೇ ನಂಬರಿನದು ಸಾಕು, ತೀರ ಸಣ್ಣ ಕುಂಚದಲ್ಲಿ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಕೂದಲಿನ ಅರ್ಧಕ್ಕಿಂತ ಮೇಲೆ ಬಣ್ಣ ಏರದಂತೆ ಅದ್ದುವುದನ್ನು, ಕುಂಚವನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ಬಿಟ್ಟು ಊಟಕ್ಕೆ ಏಳದಿರುವುದನ್ನು ಮೊದಲ ದಿನವೇ ಕಲಿಸಿಬಿಡಿ.