“ನನ್ನ ಕುಬಸ ನಾ ಹೆಂಗ ಹೊಲ್ಕೊಳ್ಳಲಿ?”

ಎದೆಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯಲು ಆಸ್ಪತ್ರೆಗೆ ಬಂದ ನೀಲವ್ವ ಮೊದಲ ದಿನ ಸಾವಿನ ಮಾತು ಎತ್ತಲೇ ಇಲ್ಲ. “ಅಕ್ಕಾರ, ಆಪರೇಷನ್ ಆದಮ್ಯಾಲೆ ನನ್ನ ಕುಬಸ ನಾ ಹೆಂಗ ಹೊಲ್ಕೊಳ್ಳಲಿ?” ಎಂದು ಕೇಳಿದರು.

ಹೆಸರು ಬದಲಿಸಿದ್ದೇನೆ. ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರು ಅಂದರೆ ಸಾಕು. ಕೆಲಸವನ್ನು ಮಾತ್ರ ಬದಲಿಸಿಲ್ಲ, ಅದಕ್ಕೆ ಅವರ ಒಪ್ಪಿಗೆ ಇದೆ. ವಯಸ್ಸು ಐವತ್ತರ ಹತ್ತಿರ. ಮನೆಯಲ್ಲೇ ಖಣದ ಕುಬಸ, ಅಂದರೆ ರವಿಕೆ, ಹೊಲಿಯುತ್ತಾರೆ. ಓಣಿಯ ಹೆಂಗಸರ ಅಳತೆಯೆಲ್ಲ ಅವರ ವಹಿಯಲ್ಲಿದೆ.

ಎಡ ಎದೆಯ ಗಂಟು ಕೈಗೆ ಸಿಕ್ಕು ಹನ್ನೊಂದು ತಿಂಗಳಾಗಿತ್ತು. ಇಷ್ಟು ತಡ ಆಗಿದ್ದಕ್ಕೆ ತಿಳಿವಳಿಕೆ ಇಲ್ಲದ್ದೇ ಕಾರಣ ಎಂದು ನಾನೂ ಮೊದಲು ಅಂದುಕೊಂಡೆ. ಅದು ತಪ್ಪಾಗಿತ್ತು. ಗಂಟು ನೋಯುತ್ತಿರಲಿಲ್ಲ, ಹಾಗಾಗಿ ಮೊದಲ ಎರಡು ತಿಂಗಳು ಸುಮ್ಮನಿದ್ದರು. ಈ ರೋಗದ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಮೋಸ ಆಗುವುದೇ ಅಲ್ಲಿ. ಆಮೇಲೆ ಮಾತ್ರ ಅವರಿಗೆ ಎಲ್ಲ ಗೊತ್ತಿತ್ತು. ಕನ್ನಡಿ ಮುಂದೆ ನಿಂತು ಚರ್ಮ ಒಳಕ್ಕೆ ಸೆಳೆದಿದ್ದನ್ನು ನೋಡಿದ್ದರು. ತಮ್ಮ ಕುಬಸದ ಎಡಗಡೆ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಸರಿ ಮಾಡಿಕೊಂಡಿದ್ದರು. ಮಗಳ ನಿಶ್ಚಿತಾರ್ಥ ಮುಗಿಯಲಿ ಅಂತ ಕಾಯುತ್ತಿದ್ದರು, ಅಷ್ಟೇ.

ನಡುವೆ ಆಶಾ ಕಾರ್ಯಕರ್ತೆಯೂ ಮನೆಗೆ ಬಂದಿದ್ದರು. 30 ದಾಟಿದವರಿಗೆ ತುಂಬುವ ಫಾರಂನಲ್ಲಿ “ಎದೆಯಲ್ಲಿ ಗಂಟು ಇದೆಯಾ?” ಎಂಬ ಪ್ರಶ್ನೆಯೂ ಇರುತ್ತದೆ. ಅವರು ಕೇಳಿದರು. ಪಡಸಾಲೆಯಲ್ಲಿ ಅತ್ತೆ ಕೂತಿದ್ದರು, ಹೊರಗೆ ಮೈದುನ ನಿಂತಿದ್ದ. ನೀಲವ್ವ “ಇಲ್ಲರೀ” ಅಂದರು. ಆ ಆಶಾಳನ್ನು ನಾನು ದೂರುವುದಿಲ್ಲ, ಅವಳಿಗೆ ಒಂದು ದಿನಕ್ಕೆ ಎಷ್ಟು ಮನೆ! ಆದರೆ ನಾಲ್ಕು ಜನರ ಮುಂದೆ ಕೇಳಿದ ಈ ಪ್ರಶ್ನೆಗೆ ಯಾವ ಹೆಂಗಸು “ಹೌದು” ಅಂದಾಳು? ಅಡುಗೆಮನೆಗೆ ಕರೆದು ಕೇಳಿದ್ದರೆ ಹೇಳುತ್ತಿದ್ದೆ ಅಂತ ನೀಲವ್ವನೇ ಹೇಳಿದರು. ಅಂದರೆ ಎಂಟು ತಿಂಗಳು ಮೊದಲೇ ಗೊತ್ತಾಗುತ್ತಿತ್ತು.

ಎದೆಯನ್ನು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರೆ ಏನು ಗೊತ್ತಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಮುಂಬೈನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರಿದ್ದರು. ಅರ್ಧದಷ್ಟು ಜನರಿಗೆ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ, ಕೈಯಿಂದಲೇ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು 30 ಪ್ರತಿಶತ ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಈ ತಪಾಸಣೆ ಇರುವುದು ಏನೂ ತೊಂದರೆ ಕಾಣದವರಿಗೆ. ಗಂಟು ಕೈಗೆ ಸಿಕ್ಕವರು ವಯಸ್ಸು ಎಷ್ಟೇ ಇರಲಿ, ಶಿಬಿರಕ್ಕೆ ಕಾಯದೆ ಸೀದಾ ಡಾಕ್ಟರ ಹತ್ತಿರ ಹೋಗಬೇಕು.

ಎರಡನೇ ದಿನ ನೀಲವ್ವನ ಯಜಮಾನರು ನನ್ನನ್ನು ಹೊರಗೆ ಕರೆದರು. “ಮೇಡಂರೀ, ಆಕಿಗೆ ರೋಗದ ಹೆಸರು ಹೇಳಬ್ಯಾಡ್ರಿ, ಎದಿ ಒಡಕೊಂಡಾಳು” ಎಂದರು. ಕಣ್ಣಲ್ಲಿ ನೀರಿತ್ತು. “ಅವರಿಗೆ ನಿಮಗಿಂತ ಮೊದಲೇ ಗೊತ್ತಾಗಿದೆ, ನೀವು ಹೆದರಬಾರದು ಅಂತ ಅವರು ಸುಮ್ಮನಿದ್ದಾರೆ” ಎಂದೆ. ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕೂರಿಸಿ ನಾನು ಹತ್ತು ನಿಮಿಷ ಹೊರಗೆ ಬಂದೆ. ವಾಪಸ್ ಹೋದಾಗ ಇಬ್ಬರೂ ಅತ್ತಿದ್ದರು. ಆಮೇಲೆ ಕೆಲಸದ ಮಾತು ಸಲೀಸಾಯಿತು.

ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಅಂತ ನೆಂಟರೊಬ್ಬರು ಹೆದರಿಸಿದ್ದರು. ಹಾಗೇನೂ ಇಲ್ಲ. ಸೂಜಿಯಿಂದ ಗಂಟಿನ ಚೂರು ತೆಗೆದು ನೋಡುವ ಆ ಬಯಾಪ್ಸಿ ಇಲ್ಲದೆ ಯಾವ ಔಷಧಿ ಹಿಡಿಯುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಗಂಟು ದೊಡ್ಡದಿತ್ತು, ರೋಗ ಕಂಕುಳಿನ ಗ್ರಂಥಿಗಳಿಗೂ ಹೋಗಿತ್ತು. ಹಾಗಾಗಿ ಡಾಕ್ಟರು ಮೊದಲು ಕೀಮೋ (ಕ್ಯಾನ್ಸರಿನ ಔಷಧಿ), ಆಮೇಲೆ ಆಪರೇಷನ್ ಎಂದಿದ್ದರು. ಮನೆಯವರು “ಪೂರ್ತಿ ತೆಗೆಸಿಬಿಡೋಣ, ಕರೆಂಟ್ ಕೊಡೋದು ತಪ್ಪತೈತಿ” ಎಂದು ಲೆಕ್ಕ ಹಾಕಿದ್ದರು. ಕರೆಂಟ್ ಅಂದರೆ ರೇಡಿಯೇಷನ್. ಅದಕ್ಕೆ ಮೂರು ವಾರವೋ ಐದು ವಾರವೋ ದಿನಾ ಬರಬೇಕು, ಊರಿಂದ ಬೆಳಗಾವಿಗೆ ದಿನಾ ಬಸ್ಸು ಹತ್ತುವುದು ಆಗದ ಮಾತು. ಎಷ್ಟೋ ಹೆಂಗಸರು ಈ ಒಂದೇ ಕಾರಣಕ್ಕೆ ಎದೆ ತೆಗೆಸಿಕೊಳ್ಳುತ್ತಾರೆ. ನೀಲವ್ವನಿಗೆ ಕಂಕುಳಲ್ಲೂ ರೋಗ ಇದ್ದದ್ದರಿಂದ ಎರಡು ದಾರಿಯಲ್ಲೂ ರೇಡಿಯೇಷನ್ ತಪ್ಪುವಂತಿರಲಿಲ್ಲ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

“ಗಂಟು ಸಣ್ಣದಾದರೆ ಅಷ್ಟೇ ಭಾಗ ತೆಗೆಯಬಹುದಾ ಅಂತ ಡಾಕ್ಟರನ್ನು ನೀವೇ ಕೇಳಿ” ಎಂದೆ. ತಕ್ಕವರಿಗೆ ಅಷ್ಟು ಭಾಗ ತೆಗೆದು ರೇಡಿಯೇಷನ್ ಕೊಟ್ಟರೂ ಪೂರ್ತಿ ತೆಗೆದಷ್ಟೇ ಆಯುಷ್ಯ ಸಿಗುತ್ತದೆ. ಇಪ್ಪತ್ತು ವರ್ಷ ರೋಗಿಗಳನ್ನು ನೋಡಿಕೊಂಡ ಅಧ್ಯಯನಗಳು 2002ರಲ್ಲೇ ಇದನ್ನು ತೋರಿಸಿವೆ. ಅವರು ಕೇಳಿದರು. ಕೀಮೋ ಅರ್ಧ ಆದಮೇಲೆ ನೋಡೋಣ ಎಂದರು ಡಾಕ್ಟರು.

ಯಜಮಾನರಿಗೆ ಬೇರೆ ಕೆಲಸ ಹೇಳಿದೆ. ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರನ್ನು ಮೊದಲೇ ಭೇಟಿ ಮಾಡಿ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ. ಈ ಕೊನೆಯದನ್ನು ಮೂರು ಸಲ ಹೇಳಿಸಿದೆ.

ಮಗಳ ಮದುವೆಯ ಮಾತು ಕಷ್ಟದ್ದು. ಬೀಗರಿಗೆ ಹೇಳಬೇಕಾ? ಇದು ಅಂಟುವ ರೋಗವಲ್ಲ. ವಂಶದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ. ಮುಚ್ಚಿಡಬೇಡಿ, ಆದರೆ ಹುಡುಗಿಯೇ ಹುಡುಗನಿಗೆ ಹೇಳಲಿ ಎಂದೆ. ನನ್ನ ಸಲಹೆ ಸರಿಯೇ ಅಂತ ಆ ರಾತ್ರಿ ತುಂಬ ಯೋಚಿಸಿದೆ. ಹುಡುಗಿ ಹೇಳಿದಳು. ಬೀಗರು ಇನ್ನೂ ಉತ್ತರ ಕೊಟ್ಟಿಲ್ಲ.

ಕುಬಸದ ಪ್ರಶ್ನೆಗೆ ಉತ್ತರ ನನ್ನಿಂದ ಬರಲಿಲ್ಲ. ಆಪರೇಷನ್ ಆದಮೇಲೆ ಕೆಲವು ವಾರ ತೋಳು ಎತ್ತುವುದು ಕಷ್ಟ, ಮುಂದೆ ಬಿಚ್ಚುವ ಸಡಿಲ ಬಟ್ಟೆ ಬೇಕು, ಹೇಳಿಕೊಟ್ಟ ವ್ಯಾಯಾಮ ಬಿಡಬಾರದು ಎಂದಷ್ಟೇ ಹೇಳಿದ್ದೆ. ಮೂರನೇ ಕೀಮೋಗೆ ಬಂದಾಗ ಚೀಲದಿಂದ ಒಂದು ಹಳೇ ಖಣದ ಕುಬಸ ತೆಗೆದರು. ಮುಂದೆ ಗಂಟು ಕಟ್ಟುವ ಹಳೇ ನಮೂನೆ. “ನಮ್ಮತ್ತಿದುರೀ. ಅಳತಿಗೆ ಇದನ್ನ ಇಟ್ಕೋ ಅಂತ ಅವರ ಕೊಟ್ರು” ಎಂದರು.